ಒಂದೇ ಬೆಲೆಯ ಎರಡು ಚಿಕ್ಕ ಫೋನ್: ಯಾವುದಕ್ಕೆ ದುಡ್ಡು ಹಾಕಬೇಕು ಅಂತ ನೋಡುವುದು ಹೇಗೆ

ಎರಡು ಫೋನ್ ನೋಡಿಟ್ಟಿದ್ದೀರಿ. ಎರಡೂ ಚಿಕ್ಕವು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಒಂದು ವಿಡಿಯೋ ನೋಡಿದರೆ ಇದೇ ಸರಿ ಅನಿಸುತ್ತದೆ, ಮುಂದಿನ ವಿಡಿಯೋ ನೋಡಿದ ಮೇಲೆ ಅದೇ ಸರಿ ಅನಿಸುತ್ತದೆ, ಹೀಗೇ ವಾರ ಕಳೆದರೂ ಆರ್ಡರ್ ಮಾತ್ರ ಆಗಿಲ್ಲ. ಈ ಗೊಂದಲಕ್ಕೆ ಕಾರಣ ಇದೆ. ಬೆಲೆ ಒಂದೇ ಅಂದಮೇಲೆ ಯಾವ ಕಂಪನಿಗೂ ಎಲ್ಲವನ್ನೂ ತುಂಬಿ ಕೊಡಲು ಆಗಲ್ಲ, ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದೇ ಹಿಡಿದಿರುತ್ತದೆ. ಚಿಕ್ಕ ಫೋನಿನಲ್ಲಿ ದುಡ್ಡಿನ ಜೊತೆ ಜಾಗದ ತಾಪತ್ರಯವೂ ಸೇರಿಕೊಳ್ಳುತ್ತದೆ. ಒಳಗಿರುವುದೇ ಅಷ್ಟು ಜಾಗ. ಅದರಲ್ಲಿ ಬ್ಯಾಟರಿ ಇರಬೇಕು, ಕ್ಯಾಮೆರಾ ಇರಬೇಕು, ಚಿಪ್ ಬಿಸಿಯಾದರೆ ಆ ಬಿಸಿ ಹೊರಗೆ ಹೋಗಲು ದಾರಿಯೂ ಇರಬೇಕು.

ಹಾಗಾಗಿ ನಾನು ಎರಡು ಫೋನ್ ಮುಂದಿಟ್ಟುಕೊಂಡಾಗ ಕೇಳುವ ಪ್ರಶ್ನೆ ಒಂದೇ. ಇದು ಚಿಕ್ಕದಾಗಿರಲು ಏನನ್ನು ಬಿಟ್ಟುಕೊಟ್ಟಿದೆ? ಅದಿಲ್ಲದೆ ನನಗೆ ನಡೆಯುತ್ತಾ?

2023ರ ಎರಡು ಫೋನುಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಈಗ ಹಳೆಯವು, ಆದರೆ ಹೋಲಿಸುವುದನ್ನು ಕಲಿಯಲು ಇಷ್ಟು ಒಳ್ಳೆಯ ಜೋಡಿ ಸಿಗುವುದು ಕಷ್ಟ. ಆಸುಸ್ ಝೆನ್‌ಫೋನ್ 10 ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23. ಎರಡರ ಎತ್ತರವೂ ಹತ್ತಿರ ಹತ್ತಿರ 146 ಮಿ.ಮೀ., ಎರಡರಲ್ಲೂ ಸ್ನಾಪ್‌ಡ್ರಾಗನ್ 8 ಜೆನ್ 2 ಚಿಪ್, ಎರಡಕ್ಕೂ ನೀರು, ಧೂಳು ತಡೆಯುವ ಐಪಿ68 ರೇಟಿಂಗ್. ಮೇಲ್ನೋಟಕ್ಕೆ ಅಣ್ಣತಮ್ಮಂದಿರು. ಒಳಗೆ ನೋಡಿದರೆ ಝೆನ್‌ಫೋನ್ 9.4 ಮಿ.ಮೀ. ದಪ್ಪ ಇದೆ, ಆ ದಪ್ಪದಲ್ಲಿ 4300 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ) ಬ್ಯಾಟರಿ ಇಟ್ಟಿದ್ದಾರೆ, ಇಯರ್‌ಫೋನ್ ಜ್ಯಾಕ್ ಕೂಡ ಉಳಿಸಿದ್ದಾರೆ, ಆದರೆ ದೂರದ್ದನ್ನು ತೆಗೆಯುವ ಟೆಲಿಫೋಟೋ ಲೆನ್ಸ್ ಕೊಟ್ಟಿಲ್ಲ. ಗ್ಯಾಲಕ್ಸಿ 7.6 ಮಿ.ಮೀ. ಅಷ್ಟೇ, ಟೆಲಿಫೋಟೋ ಇದೆ, ಬ್ಯಾಟರಿ 3900ಕ್ಕೆ ಇಳಿದಿದೆ, ಜ್ಯಾಕ್ ಮಾಯ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಒಂದೇ ಜಾಗವನ್ನು ಇಬ್ಬರು ಬೇರೆ ಬೇರೆ ಥರ ಹಂಚಿದ್ದಾರೆ. ನಿಮ್ಮ ಎರಡು ಫೋನಿನಲ್ಲೂ ಇದೇ ಹಂಚಿಕೆಯನ್ನು ಹುಡುಕಬೇಕು.

ಒಂದೇ ಥರ ಇರುವುದನ್ನು ಮೊದಲು ಹೊಡೆದುಹಾಕಿ

ಎರಡೂ ಫೋನಿನ ವಿವರಗಳನ್ನು ಕಂಪನಿಯ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ, ಅದರಲ್ಲೂ ನಿಮ್ಮ ದೇಶದ ಪುಟದಿಂದ. ಒಂದೇ ಹೆಸರಿನ ಫೋನಿಗೆ ಒಂದು ಕಡೆ ಒಂದು ಚಿಪ್, ಇನ್ನೊಂದು ಕಡೆ ಇನ್ನೊಂದು ಚಿಪ್ ಹಾಕುವುದು ಹೊಸದೇನಲ್ಲ. ಗ್ಯಾಲಕ್ಸಿ ಎಸ್24 ಅಮೆರಿಕದಲ್ಲಿ ಸ್ನಾಪ್‌ಡ್ರಾಗನ್ ಚಿಪ್‌ನಲ್ಲಿ ಬಂತು, ಯುರೋಪಿನಲ್ಲಿ ಎಕ್ಸಿನಾಸ್‌ನಲ್ಲಿ. ಬ್ಯಾಟರಿ ಕೂಡ ಕೆಲವು ಫೋನುಗಳಲ್ಲಿ ದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ವಿಡಿಯೋ ಮಾಡಿದವರ ಕೈಯಲ್ಲಿರುವುದೇ ನಿಮಗೂ ಸಿಗುತ್ತದೆ ಅಂತ ಅಂದುಕೊಳ್ಳಬೇಡಿ, ಮಾಡೆಲ್ ನಂಬರ್ ತಾಳೆ ನೋಡಿ.

ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎರಡೂ ಕಡೆ ವಿವರ ಬರೆದು, ಒಂದೇ ಇರುವ ಸಾಲುಗಳನ್ನೆಲ್ಲ ಗೀಟು ಹಾಕಿ ಹೊಡೆಯಿರಿ. ಎರಡರಲ್ಲೂ 8 ಜಿಬಿ ರ‍್ಯಾಮ್ ಇದ್ದರೆ ಅದರ ಬಗ್ಗೆ ಇನ್ನು ಯೋಚನೆ ಬೇಡ. ಎರಡರ ಸ್ಕ್ರೀನೂ 120 ಹರ್ಟ್ಜ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು ಆದರೆ ಅದೂ ಹೋಯಿತು. ಕೊನೆಗೆ ಬೆರಳೆಣಿಕೆಯಷ್ಟು ಸಾಲು ಉಳಿಯುತ್ತವೆ, ನಿಮ್ಮ ತಲೆಬಿಸಿ ಅಷ್ಟಕ್ಕೇ ಸೀಮಿತವಾಗಲಿ. ಇನ್ನೊಂದು ಮಾತು. ಬರೆಯದೇ ಬಿಟ್ಟದ್ದನ್ನೂ ಓದಿ. ಒಬ್ಬರು ಯುಎಸ್‌ಬಿ 3.2 ಅಂತ ದೊಡ್ಡದಾಗಿ ಹಾಕಿ, ಇನ್ನೊಬ್ಬರು ಬರೀ ಟೈಪ್-ಸಿ ಅಂತ ಬರೆದಿದ್ದರೆ, ಎರಡನೆಯದು ಹೆಚ್ಚಾಗಿ ಹಳೆಯ 2.0 ವೇಗದ್ದೇ ಆಗಿರುತ್ತದೆ. ಹೇಳಿಕೊಳ್ಳುವಂಥದ್ದು ಇದ್ದಿದ್ದರೆ ಯಾರೂ ಸುಮ್ನೆ ಇರಲ್ಲ, ಅಲ್ವಾ?

ಇಂಚು ಬಿಡಿ, ಅಗಲ ನೋಡಿ

ಚಿಕ್ಕ ಫೋನ್ ಹುಡುಕುವವರು ಎಡವುವುದೇ ಇಲ್ಲಿ. 6.1 ಇಂಚು, 6.3 ಇಂಚು ಅಂತ ಕಂಪನಿಗಳು ಹೇಳುವುದು ಸ್ಕ್ರೀನಿನ ಮೂಲೆಯಿಂದ ಮೂಲೆಗೆ ಇರುವ ಅಳತೆ. ನಿಮ್ಮ ಕೈಗೆ ಸಂಬಂಧಪಟ್ಟಿದ್ದು ಇಡೀ ಫೋನಿನ ಅಗಲ. 2022ರ ಐಫೋನ್ ಎಸ್‌ಇ ಸ್ಕ್ರೀನ್ 4.7 ಇಂಚು, ಐಫೋನ್ 13 ಮಿನಿ ಸ್ಕ್ರೀನ್ 5.4 ಇಂಚು. ಇಂಚು ನೋಡಿದರೆ ಮಿನಿ ದೊಡ್ಡದಿರಬೇಕು. ಆದರೆ ಎಸ್‌ಇ ಅಗಲ 67.3 ಮಿ.ಮೀ., ಮಿನಿ ಅಗಲ 64.2. ಎತ್ತರದಲ್ಲೂ ಮಿನಿಯೇ ಕಮ್ಮಿ. ಎಸ್‌ಇಯಲ್ಲಿ ಸ್ಕ್ರೀನಿನ ಮೇಲೆ ಕೆಳಗೆ ದಪ್ಪ ಅಂಚು, ಕೆಳಗಡೆ ಹೋಮ್ ಬಟನ್, ಅದಕ್ಕೇ ಹೀಗೆ. ಜೊತೆಗೆ ಉದ್ದಗಲದ ಅನುಪಾತವೂ ಇದೆ. ಅದೇ 6.1 ಇಂಚಿನ ಸ್ಕ್ರೀನ್ 16:9 ಅನುಪಾತದಲ್ಲಿದ್ದರೆ ಅಗಲ 76 ಮಿ.ಮೀ. ಆಗುತ್ತದೆ, 20:9 ಆದರೆ ಸುಮಾರು 64ಕ್ಕೆ ಇಳಿಯುತ್ತದೆ. ಇಂಚು ಒಂದೇ, ಹಿಡಿತ ಬೇರೆ.

ಕಾಂಪ್ಯಾಕ್ಟ್ ಅನ್ನುವ ಮಾತಿಗೆ ಇಂತಿಷ್ಟೇ ಅಂತ ಲೆಕ್ಕ ಇಲ್ಲ, ಯಾರು ಬೇಕಾದರೂ ಹೇಳಿಕೊಳ್ಳಬಹುದು. ಝೆನ್‌ಫೋನ್ 10 ಅಗಲ 68.1 ಮಿ.ಮೀ., ತೂಕ 172 ಗ್ರಾಂ. ಗ್ಯಾಲಕ್ಸಿ ಎಸ್23 ಅಗಲ 70.9, ತೂಕ 168. ಪಿಕ್ಸೆಲ್ 9 ಅಗಲ 72, ತೂಕ 198 ಗ್ರಾಂ. ಮೂರನ್ನೂ ಚಿಕ್ಕ ಫೋನ್ ಅಂತಲೇ ಪಟ್ಟಿ ಮಾಡುತ್ತಾರೆ. ನನ್ನ ಕೈಗೆ 70ರ ಆಸುಪಾಸಿನ ತನಕ ಒಂದೇ ಕೈಯಲ್ಲಿ ಆರಾಮ, 72 ದಾಟಿದರೆ ಹಿಡಿತ ಬದಲಾಯಿಸುತ್ತಲೇ ಇರಬೇಕಾಗುತ್ತದೆ. ನಿಮ್ಮ ಕೈ ದೊಡ್ಡದಿದ್ದರೆ ಲೆಕ್ಕ ಬೇರೆ. ಕವರ್ ಹಾಕುವವರು ಅಗಲಕ್ಕೆ ಇನ್ನೂ ಎರಡು ಮೂರು ಮಿ.ಮೀ. ಸೇರಿಸಿಕೊಳ್ಳಿ. ಎರಡು ಫೋನಿನ ನಡುವಿನ ವ್ಯತ್ಯಾಸ ಎಷ್ಟಿರುತ್ತದೋ ಕೆಲವೊಮ್ಮೆ ಕವರ್ ಅಷ್ಟನ್ನೂ ನುಂಗಿ ಹಾಕುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ದಪ್ಪ ರಟ್ಟು ತಗೊಂಡು ಎರಡೂ ಫೋನಿನ ಅಳತೆಗೆ ಸರಿಯಾಗಿ ಎರಡು ತುಂಡು ಕತ್ತರಿಸಿ. ದಪ್ಪ ಸಾಲದಿದ್ದರೆ ಎರಡು ಮೂರು ಪದರ ಅಂಟಿಸಿ, ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ. ಈಗ ನೀವು ದಿನಾ ಫೋನ್ ಹಿಡಿಯುವಂತೆಯೇ ಹಿಡಿಯಿರಿ, ಅಂದರೆ ಕಿರುಬೆರಳು ಕೆಳಗೆ ಆಧಾರಕ್ಕೆ ಕೊಡುವ ಅಭ್ಯಾಸ ಇದ್ದರೆ ಹಾಗೇ. ಹಿಡಿತ ಸಡಿಲಿಸದೆ ಹೆಬ್ಬೆರಳನ್ನು ಎದುರಿನ ಮೇಲಿನ ಮೂಲೆಗೆ ಚಾಚಿ, ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಎದುರಿನ ಕೆಳಗಿನ ಮೂಲೆ. ಅದು ಇನ್ನೂ ಕಷ್ಟ, ಕೀಬೋರ್ಡಿನ ಕೊನೆಯ ಅಕ್ಷರ ಅಲ್ಲೇ ಇರುವುದು. ಎರಡು ರಟ್ಟಿನ ಗುರುತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಾಲ್ಕು ಮಿ.ಮೀ. ಅಂದರೆ ಏನು ಅಂತ ಗೊತ್ತಾಗುತ್ತದೆ. ಜೇಬಿಗೂ ಹಾಕಿ ನೋಡಿ, ಕೂತು ಎದ್ದು ನೋಡಿ. ತಮಾಷೆಯಾಗಿ ಕಾಣಬಹುದು, ಆದರೆ ಸ್ಪೆಕ್ ಹೋಲಿಸುವ ಯಾವ ಪುಟವೂ ಇದನ್ನು ಹೇಳಲ್ಲ.

ತೂಕ ರಟ್ಟಿನಲ್ಲಿ ತಿಳಿಯಲ್ಲ. 30 ಗ್ರಾಂ ಕಾಗದದ ಮೇಲೆ ಏನೂ ಅಲ್ಲ ಅನಿಸಿದರೂ ಮಲಗಿ ಓದುವಾಗ ಕೈಗೆ ಗೊತ್ತಾಗುತ್ತದೆ.

ಒಂದೇ ಕೈಯಲ್ಲಿ ಬಳಸುವುದೇ ಮುಖ್ಯ ಅನ್ನುವವರು ಬೆರಳಚ್ಚು ಸೆನ್ಸರ್ ಎಲ್ಲಿದೆ ಅಂತಲೂ ನೋಡಿ. ಪಕ್ಕದ ಪವರ್ ಬಟನ್‌ನಲ್ಲೇ ಇದ್ದರೆ ಫೋನ್ ಎತ್ತುವಾಗಲೇ ತೆರೆದಿರುತ್ತದೆ, ಆದರೆ ಅದು ಬಲಗೈಯವರಿಗೆ ಅನುಕೂಲ, ಎಡಗೈಯವರು ತೋರುಬೆರಳು ಬಳಸಬೇಕು. ಸ್ಕ್ರೀನಿನ ಕೆಳಗಿದ್ದರೆ ಎಷ್ಟು ಮೇಲಿದೆ ಅಂತ ನೋಡಿ. ತೀರಾ ಕೆಳಗಿನ ಅಂಚಿಗೆ ಅಂಟಿಸಿದ್ದರೆ ಪ್ರತಿ ಸಲ ಹೆಬ್ಬೆರಳು ಮಡಿಸಿ ಒತ್ತಬೇಕು, ಫೋನ್ ಕೈಜಾರುವುದು ಅಂಥ ಹೊತ್ತಲ್ಲೇ.

ಬ್ಯಾಟರಿ ಮತ್ತು ಬಿಸಿ

ಚಿಕ್ಕ ಫೋನಿನ ಹಳೆಯ ಕಾಯಿಲೆ ಇದೇ. ಐಫೋನ್ 12 ಮಿನಿಯಲ್ಲಿ ಇದ್ದದ್ದು 2227 ಎಂಎಎಚ್ ಬ್ಯಾಟರಿ, ಜೋರಾಗಿ ಬಳಸುವವರಿಗೆ ಸಂಜೆಯ ತನಕ ಬರುವುದೇ ಅನುಮಾನ. ಈಗ ಪರಿಸ್ಥಿತಿ ಬದಲಾಗಿದೆ. ಬ್ಯಾಟರಿಯ ಆನೋಡ್‌ನಲ್ಲಿ (ಚಾರ್ಜ್ ಆಗುವಾಗ ಲಿಥಿಯಂ ಹೋಗಿ ಸೇರುವ ಭಾಗ) ಬರೀ ಗ್ರಾಫೈಟ್ ಹಾಕುವ ಬದಲು ಸಿಲಿಕಾನ್ ಬೆರೆಸಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಲಿಥಿಯಂ ಹಿಡಿಯುತ್ತದೆ. ಇದನ್ನೇ ಸಿಲಿಕಾನ್-ಕಾರ್ಬನ್ ಬ್ಯಾಟರಿ ಅನ್ನುವುದು. 2025ರಲ್ಲಿ ಬಂದ ಒನ್‌ಪ್ಲಸ್ 13ಎಸ್ ಸುಮಾರು 6.3 ಇಂಚಿನ ಫೋನ್, ಅದರಲ್ಲಿ 5850 ಎಂಎಎಚ್ ಇದೆ. ಅದೇ ವರ್ಷದ ಗ್ಯಾಲಕ್ಸಿ ಎಸ್25ರಲ್ಲಿ 4000. ಅಂದರೆ ಇವತ್ತು ಎರಡು ಚಿಕ್ಕ ಫೋನುಗಳ ನಡುವೆ ಅತಿ ದೊಡ್ಡ ವ್ಯತ್ಯಾಸ ಬ್ಯಾಟರಿಯಲ್ಲೇ ಇರಬಹುದು. ಹಾಗಂತ ಎಂಎಎಚ್ ಜಾಸ್ತಿ ಇರುವುದೇ ಜಾಸ್ತಿ ಹೊತ್ತು ಬರುತ್ತದೆ ಅಂತ ಕಣ್ಣು ಮುಚ್ಚಿ ಹೇಳಲೂ ಆಗಲ್ಲ. ಚಿಪ್ ಎಷ್ಟು ಕುಡಿಯುತ್ತದೆ, ಸ್ಕ್ರೀನ್ ಯಾವುದು, ಸಿಗ್ನಲ್ ದುರ್ಬಲ ಇರುವ ಕಡೆ ಮೋಡೆಮ್ ಎಷ್ಟು ಒದ್ದಾಡುತ್ತದೆ, ಇದೆಲ್ಲ ಸೇರಿ ಲೆಕ್ಕ. ಬ್ಯಾಟರಿ ಎಷ್ಟು ಗಂಟೆ ಬಂತು ಅಂತ ಹೋಲಿಸುವುದಾದರೆ ಎರಡೂ ಫೋನನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದ ಒಂದೇ ಕಡೆಯ ಅಂಕಿಗಳನ್ನು ತೆಗೆದುಕೊಳ್ಳಿ. ಇಲ್ಲಿಂದ ಒಂದು, ಅಲ್ಲಿಂದ ಒಂದು ತಂದು ಪಕ್ಕ ಇಟ್ಟರೆ ಪ್ರಯೋಜನ ಇಲ್ಲ.

ಇದಕ್ಕೆ ಈಗ ಒಂದು ಒಳ್ಳೆಯ ದಾರಿ ಸಿಕ್ಕಿದೆ. 2025ರ ಜೂನ್ 20ರಿಂದ ಯುರೋಪ್ ಒಕ್ಕೂಟದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳಿಗೆ ಎನರ್ಜಿ ಲೇಬಲ್ ಕಡ್ಡಾಯ. ಅದರಲ್ಲಿ ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಗಂಟೆ ಬರುತ್ತದೆ, ಬ್ಯಾಟರಿ ಎಷ್ಟು ಚಾರ್ಜ್ ಸುತ್ತು ತಾಳುತ್ತದೆ, ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ, ನೀರು ಧೂಳಿನ ರೇಟಿಂಗ್ ಏನು, ಎಲ್ಲ ಇರುತ್ತದೆ. ಎಲ್ಲ ಕಂಪನಿಗೂ ಅಳತೆಯ ವಿಧಾನ ಒಂದೇ. ಎಪ್ರೆಲ್ ಅನ್ನುವ ಒಕ್ಕೂಟದ ಡೇಟಾಬೇಸಿನಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನೀವು ಯುರೋಪಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಮಾಡೆಲ್ ಒಂದೇ ಆದರೆ ಆ ಅಂಕಿ ನಿಮಗೂ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿ ಎಷ್ಟು ಎಂಎಎಚ್ ಅನ್ನುವುದು ಎರಡೂ ಕಡೆ ಒಂದೇ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ.

ಚಾರ್ಜ್ ಸುತ್ತಿನ ವಿಚಾರವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ, ಚಿಕ್ಕ ಫೋನಿಗೆ ಇದು ತುಂಬಾ ಮುಖ್ಯ. ಯುರೋಪಿನ ನಿಯಮದ ಪ್ರಕಾರ 800 ಸುತ್ತು ಮುಗಿದ ಮೇಲೂ ಬ್ಯಾಟರಿಯಲ್ಲಿ ಕನಿಷ್ಠ 80 ಶೇಕಡಾ ಸಾಮರ್ಥ್ಯ ಉಳಿದಿರಬೇಕು. ಚಿಕ್ಕ ಬ್ಯಾಟರಿಯನ್ನು ದಿನಕ್ಕೊಂದು ಸಲ ಪೂರ್ತಿ ಖಾಲಿ ಮಾಡುತ್ತೀರಿ ಅಂದರೆ 800 ಸುತ್ತು ಎರಡು ವರ್ಷ ಎರಡು ತಿಂಗಳಲ್ಲಿ ಮುಗಿಯಿತು. ಅದೇ ಬಳಕೆಗೆ ಒಂದೂವರೆ ದಿನ ಬರುವ ಬ್ಯಾಟರಿ ಆದರೆ ಮೂರು ವರ್ಷ ದಾಟುತ್ತದೆ. ದೊಡ್ಡ ಬ್ಯಾಟರಿಯ ಲಾಭ ಇವತ್ತಿನ ಸಂಜೆಗೆ ಮಾತ್ರ ಅಲ್ಲ, ಮೂರನೇ ವರ್ಷಕ್ಕೂ ಇದೆ. ಬ್ಯಾಟರಿ ಬದಲಾಯಿಸಲು ಸರ್ವಿಸ್ ಸೆಂಟರ್‌ನಲ್ಲಿ ಎಷ್ಟು ತಗೋತಾರೆ ಅಂತ ಈಗಲೇ ಕೇಳಿಡಿ.

ಚಾರ್ಜಿಂಗ್ ವೇಗ: ವಾಟ್ ನೋಡಿ ಮರುಳಾಗಬೇಡಿ, ಅರ್ಧ ಗಂಟೆಗೆ ಎಷ್ಟು ತುಂಬುತ್ತದೆ ಅಂತ ನೋಡಿ. ಬಾಕ್ಸಿನಲ್ಲಿ ಚಾರ್ಜರ್ ಇದೆಯೋ ಇಲ್ಲವೋ ನೋಡಿ. ಕೆಲವು ಕಂಪನಿಗಳ ಪೂರ್ತಿ ವೇಗ ಅವರದೇ ಚಾರ್ಜರ್, ಅವರದೇ ಕೇಬಲ್ ಇದ್ದರೆ ಮಾತ್ರ. ಮನೆಯಲ್ಲಿ ಲ್ಯಾಪ್‌ಟಾಪಿನ ಯುಎಸ್‌ಬಿ ಪಿಡಿ (ಹಲವು ಕಂಪನಿಗಳು ಬಳಸುವ ಸಾಮಾನ್ಯ ಚಾರ್ಜಿಂಗ್ ಪದ್ಧತಿ) ಚಾರ್ಜರ್ ಇದೆ, ಅದನ್ನೇ ಬಳಸುತ್ತೇನೆ ಅನ್ನುವವರು ಪಿಡಿ ಅಥವಾ ಅದರದೇ ಒಂದು ಬಗೆಯಾದ ಪಿಪಿಎಸ್‌ನಲ್ಲಿ ಈ ಫೋನ್ ಎಷ್ಟು ವಾಟ್ ಎಳೆಯುತ್ತದೆ ಅಂತ ಹುಡುಕಬೇಕು.

ಇನ್ನು ಬಿಸಿ. ಚಿಪ್ ಒಂದೇ ಇದ್ದರೂ ಫೋನ್ ಚಿಕ್ಕದಾದಷ್ಟೂ ಬಿಸಿ ಹರಡಲು ಜಾಗ ಕಮ್ಮಿ. ತೀರಾ ಬಿಸಿಯಾದರೆ ಫೋನ್ ತಾನಾಗಿಯೇ ಚಿಪ್ಪಿನ ವೇಗ ತಗ್ಗಿಸುತ್ತದೆ. ಫೋನಿನ ವೇಗ ಅಳೆಯುವ ಬೆಂಚ್‌ಮಾರ್ಕ್ ಅಂಕದಲ್ಲಿ ಇದು ಕಾಣಲ್ಲ, ಯಾಕೆಂದರೆ ಅವು ಬಹುಪಾಲು ಕೆಲವೇ ನಿಮಿಷದ ಓಟ. ನೋಡಬೇಕಾದ್ದು ಸ್ಟ್ರೆಸ್ ಟೆಸ್ಟ್. 3ಡಿಮಾರ್ಕ್ ಅನ್ನುವ ಆ್ಯಪ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಒಂದೊಂದು ನಿಮಿಷದ ಓಟವನ್ನು 20 ಸಲ ಬಿಡದೆ ಓಡಿಸಿ, ಕನಿಷ್ಠ ಅಂಕ ಅತ್ಯುತ್ತಮ ಅಂಕದ ಎಷ್ಟು ಶೇಕಡಾ ಅಂತ ತೋರಿಸುತ್ತದೆ, ಅದು ನೂರಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೊದಲ ಓಟದಲ್ಲಿ ಮುಂದಿದ್ದ ಫೋನ್ ಹತ್ತನೇ ಓಟಕ್ಕೆ ಹಿಂದೆ ಬೀಳುವುದು ಚಿಕ್ಕ ಫೋನುಗಳಲ್ಲಿ ಮಾಮೂಲು. ಗೇಮ್ ಆಡದವರಿಗೂ ಇದು ಬೇಕು. ಬಿಸಿಲಲ್ಲಿ ಮ್ಯಾಪ್ ಹಾಕಿಕೊಂಡು ಹೋಗುವುದು, ಉದ್ದದ ವಿಡಿಯೋ ಕಾಲ್, ಹಾಟ್‌ಸ್ಪಾಟ್, ಇವೆಲ್ಲ ಬಿಸಿ ಮಾಡುವ ಕೆಲಸಗಳೇ.

ಸ್ಕ್ರೀನ್

ಎರಡೂ ಒಎಲ್‌ಇಡಿ, ಎರಡೂ 120 ಹರ್ಟ್ಜ್ ಆದರೆ ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಸ್ಕ್ರೀನ್ ಎಷ್ಟು ಬೆಳಗುತ್ತದೆ ಅಂತ ಹೇಳುವ ನಿಟ್ಸ್ ಲೆಕ್ಕದ ಬಗ್ಗೆ ಮಾತ್ರ ಹುಷಾರು. ಜಾಹೀರಾತಿನಲ್ಲಿ ಬರುವ ಪೀಕ್ ಅಂಕಿ ಸ್ಕ್ರೀನಿನ ಪುಟ್ಟ ಭಾಗ ಒಂದು ಕ್ಷಣ ಬೆಳಗಿದಾಗಿನದು. ಬಿಸಿಲಲ್ಲಿ ಇಡೀ ಸ್ಕ್ರೀನ್ ಎಷ್ಟು ಬೆಳಗುತ್ತದೆ ಅನ್ನುವ ಅಂಕಿ ಬೇರೆ, ಅದನ್ನು ಹೈ ಬ್ರೈಟ್‌ನೆಸ್ ಮೋಡ್ ಅಂತ ಬರೆದಿರುತ್ತಾರೆ. ಹೋಲಿಸುವುದಾದರೆ ಅದನ್ನು ಅದಕ್ಕೇ ಹೋಲಿಸಿ.

ಕತ್ತಲಲ್ಲಿ ಫೋನ್ ನೋಡಿದರೆ ಕಣ್ಣು ನೋವು, ತಲೆನೋವು ಬರುವವರು ಇದ್ದಾರೆ. ಹಲವು ಒಎಲ್‌ಇಡಿ ಸ್ಕ್ರೀನುಗಳು ಬೆಳಕು ತಗ್ಗಿಸಲು ಬಹಳ ಬೇಗ ಬೇಗ ಆರಿ ಹತ್ತುತ್ತವೆ, ಅದನ್ನೇ ಪಿಡಬ್ಲ್ಯುಎಂ ಅನ್ನುವುದು. ಅಂಗಡಿಯಲ್ಲೇ ನೋಡಬಹುದು: ಪ್ರದರ್ಶನದ ಫೋನಿನ ಬ್ರೈಟ್‌ನೆಸ್ ತೀರಾ ಕೆಳಗಿಳಿಸಿ, ನಿಮ್ಮ ಫೋನಿನ ಕ್ಯಾಮೆರಾವನ್ನು ಪ್ರೋ ಮೋಡ್‌ಗೆ ಹಾಕಿ ಶಟರ್ ವೇಗ ಜಾಸ್ತಿ ಮಾಡಿ ಆ ಸ್ಕ್ರೀನನ್ನು ನೋಡಿ. ದಪ್ಪ ಕಪ್ಪು ಪಟ್ಟಿಗಳು ಸರಿಯುತ್ತಿದ್ದರೆ ಮಿನುಗುವಿಕೆ ಜಾಸ್ತಿ ಅಂತ ಅರ್ಥ. ಈ ತೊಂದರೆ ಇಲ್ಲದವರು ಇದನ್ನು ಮರೆತುಬಿಡಿ.

ಕ್ಯಾಮೆರಾ: ಮೆಗಾಪಿಕ್ಸೆಲ್ ಬಿಟ್ಟು ಬೇರೆಲ್ಲ

50 ಮೆಗಾಪಿಕ್ಸೆಲ್ ಕ್ಯಾಮೆರಾಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್‌ನ ಫೋಟೋ ಕೊಡುತ್ತವೆ. ಆದ್ದರಿಂದ ಎರಡರಲ್ಲೂ 50 ಅಂತ ಬರೆದಿದ್ದ ಮಾತ್ರಕ್ಕೆ ಎರಡು ಕ್ಯಾಮೆರಾ ಒಂದೇ ಅಂತಲ್ಲ. ಸೆನ್ಸರ್ ಅಳತೆ ನೋಡಿ. 1/1.56 ಇಂಚು, 1/2 ಇಂಚು ಅಂತೆಲ್ಲ ಬರೆದಿರುತ್ತಾರೆ. ಕೆಳಗಿನ ಸಂಖ್ಯೆ ಕಮ್ಮಿ ಇದ್ದಷ್ಟೂ ಸೆನ್ಸರ್ ದೊಡ್ಡದು, ಕತ್ತಲಲ್ಲಿ ಅಷ್ಟು ಜಾಸ್ತಿ ಬೆಳಕು ಸಿಗುತ್ತದೆ. ಕೈ ನಡುಕ ತಡೆಯುವ ಒಐಎಸ್ ಮುಖ್ಯ ಕ್ಯಾಮೆರಾಕ್ಕೆ ಇದೆಯಾ ನೋಡಿ. ನಾಲ್ಕು ಕ್ಯಾಮೆರಾ ಇದೆ ಅಂತ ಹಿಗ್ಗಬೇಡಿ. ಅದರಲ್ಲಿ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ, ಡೆಪ್ತ್ ಅಂತ ಇದ್ದರೆ ಅವು ಲೆಕ್ಕ ಭರ್ತಿಗೆ ಇಟ್ಟವು, ನನ್ನ ಪ್ರಕಾರ ಅವನ್ನು ಇಲ್ಲ ಅಂತಲೇ ಎಣಿಸಬೇಕು. ಚಿಕ್ಕ ಫೋನಿನಲ್ಲಿ ಮೂರನೇ ಒಳ್ಳೆಯ ಕ್ಯಾಮೆರಾಕ್ಕೆ ಜಾಗ ಸಿಗುವುದೇ ಕಷ್ಟ. ಹಾಗಾಗಿ ಒಂದು ಫೋನಿನಲ್ಲಿ ನಿಜವಾದ ಟೆಲಿಫೋಟೋ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದು ದೊಡ್ಡ ವ್ಯತ್ಯಾಸವೇ. ಆದರೆ ನಿಮಗೆ ಬೇಕಾ ಅನ್ನುವುದು ಬೇರೆ ಪ್ರಶ್ನೆ. ಉತ್ತರ ನಿಮ್ಮ ಈಗಿನ ಫೋನಿನ ಗ್ಯಾಲರಿಯಲ್ಲೇ ಇದೆ. ಕಳೆದ ಆರು ತಿಂಗಳ ಫೋಟೋಗಳನ್ನು ಒಮ್ಮೆ ಜಾಲಾಡಿ. ಝೂಮ್ ಮಾಡಿ ತೆಗೆದದ್ದು ಎಷ್ಟು, ರಾತ್ರಿ ತೆಗೆದದ್ದು ಎಷ್ಟು, ಬಿಲ್ಲು, ನೋಟಿಸು, ಗೇಟಿನ ನಂಬರು ಅಂತ ನೆನಪಿಗೆ ತೆಗೆದದ್ದು ಎಷ್ಟು? ಕೊನೆಯದೇ ಜಾಸ್ತಿ ಇದ್ದರೆ ಕ್ಯಾಮೆರಾ ಸಾಲನ್ನು ಗೀಟು ಹಾಕಿ ಮುಂದೆ ಹೋಗಿ.

ಜಾಸ್ತಿ ಫೋಟೋ ತೆಗೆಯುವವರು ಅಂಗಡಿಯಲ್ಲಿ ಎರಡೂ ಫೋನಿನಿಂದ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಬೆಳಕು ಚೆನ್ನಾಗಿರುವ ಕಡೆ ಎಲ್ಲ ಫೋನೂ ಒಳ್ಳೆಯದೇ, ಅಲ್ಲಿ ತೆಗೆದು ಏನೂ ತಿಳಿಯಲ್ಲ. ಕೌಂಟರಿನ ಕೆಳಗಿನ ನೆರಳು, ಓಡಾಡುತ್ತಿರುವ ಮನುಷ್ಯ, ಕಿಟಕಿಗೆ ಬೆನ್ನು ಹಾಕಿ ನಿಂತ ಮುಖ, ಈ ಮೂರು ಸಾಕು. ತೆಗೆದದ್ದನ್ನು ಆ ಫೋನುಗಳ ಸ್ಕ್ರೀನಿನಲ್ಲೇ ನೋಡಿ ತೀರ್ಮಾನ ಮಾಡಬೇಡಿ. ಒಂದರ ಸ್ಕ್ರೀನ್ ಬಣ್ಣ ಎತ್ತಿ ತೋರಿಸುತ್ತದೆ, ಇನ್ನೊಂದರದ್ದು ಸಪ್ಪೆ ಇರುತ್ತದೆ, ನೀವು ಕ್ಯಾಮೆರಾ ಹೋಲಿಸುತ್ತಿದ್ದೀರಿ ಅಂದುಕೊಂಡು ಸ್ಕ್ರೀನ್ ಹೋಲಿಸುತ್ತಿರುತ್ತೀರಿ. ಎರಡನ್ನೂ ನಿಮ್ಮ ಫೋನಿಗೋ ಕಂಪ್ಯೂಟರಿಗೋ ಕಳಿಸಿಕೊಂಡು ಒಂದೇ ಸ್ಕ್ರೀನಿನಲ್ಲಿ ನೋಡಿ. ಕಳಿಸುವಾಗ ಫೈಲಾಗಿಯೇ ಕಳಿಸಿ, ಮೆಸೇಜಿಂಗ್ ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಸಿಬಿಡುತ್ತದೆ.

ಸ್ಟೋರೇಜ್, ರ‍್ಯಾಮ್

ವರ್ಚುವಲ್ ರ‍್ಯಾಮ್ ಅಂತ 8+8 ಬರೆದಿದ್ದರೆ ಅದು 8 ಅಂತಲೇ ಓದಿಕೊಳ್ಳಿ. ಎರಡನೇ 8 ಸ್ಟೋರೇಜಿನಿಂದ ಎರವಲು ತಂದದ್ದು, ನಿಜವಾದ ರ‍್ಯಾಮಿನ ವೇಗ ಅದಕ್ಕೆ ಬರಲ್ಲ. ಸ್ಟೋರೇಜಿನಲ್ಲಿ ಎಷ್ಟು ಜಿಬಿ ಅನ್ನುವುದರ ಜೊತೆ ಯಾವ ಜಾತಿ ಅಂತಲೂ ನೋಡಬೇಕು, ಯುಎಫ್‌ಎಸ್ 2.2, 3.1, 4.0 ಹೀಗೆ ವೇಗ ಏರುತ್ತಾ ಹೋಗುತ್ತದೆ. ಒಂದೇ ಫೋನಿನ ಎರಡು ಅವತಾರದಲ್ಲೂ ಇದು ಬೇರೆ ಇರಬಹುದು. ಗ್ಯಾಲಕ್ಸಿ ಎಸ್23ರ 128 ಜಿಬಿ ಮಾಡೆಲ್ಲಿಗೆ ಯುಎಫ್‌ಎಸ್ 3.1 ಹಾಕಿ, 256 ಜಿಬಿಗೆ 4.0 ಹಾಕಿದ್ದರು. ಮೆಮೊರಿ ಕಾರ್ಡ್ ಹಾಕುವ ಜಾಗ ಚಿಕ್ಕ ಫೋನುಗಳಲ್ಲಿ ಬಹುತೇಕ ಹೋಗಿಯೇ ಬಿಟ್ಟಿದೆ, ಆದ್ದರಿಂದ 128 ಸಾಲದು ಅನಿಸಿದರೆ 256ರ ಬೆಲೆಗಳನ್ನೇ ಹೋಲಿಸಿ. 128ರಲ್ಲಿ ಸಮ ಇದ್ದ ಎರಡು ಫೋನು 256ರಲ್ಲಿ ಸಮ ಇರಲ್ಲ.

ಅಪ್‌ಡೇಟ್: ಎಷ್ಟು ವರ್ಷ, ಎಲ್ಲಿಂದ ಲೆಕ್ಕ

ಬೆಲೆ ಒಂದೇ ಇರುವ ಎರಡು ಫೋನಿನಲ್ಲಿ ಎಷ್ಟೋ ಸಲ ಒಂದು ಹೊಸದು, ಇನ್ನೊಂದು ಹೋದ ವರ್ಷದ ದುಬಾರಿ ಫೋನ್ ಬೆಲೆ ಇಳಿದು ಬಂದದ್ದು. ನನ್ನ ಒಲವು ಸಾಮಾನ್ಯವಾಗಿ ಎರಡನೆಯದರ ಕಡೆಗೆ. ಬಾಡಿ, ಕ್ಯಾಮೆರಾ, ಚಿಪ್ ಎಲ್ಲ ಮೇಲಿನ ದರ್ಜೆಯದೇ ಇರುತ್ತದೆ. ಆದರೆ ಅಪ್‌ಡೇಟ್ ಲೆಕ್ಕ ಹಾಕದೆ ತಗೋಬೇಡಿ. ಕಂಪನಿ ಏಳು ವರ್ಷ ಅಂದರೆ ಅದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. 2023ರ ಅಕ್ಟೋಬರಿನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಏಳು ವರ್ಷ ಕೊಟ್ಟಿದ್ದಾರೆ, ಅಂದರೆ 2030ರ ಅಕ್ಟೋಬರ್. ನೀವು ಯಾವಾಗ ಕೊಂಡರೂ ಕೊನೆ ಅದೇ. ಮತ್ತೆ, ಆಂಡ್ರಾಯ್ಡ್ ಹೊಸ ಆವೃತ್ತಿ ಬೇರೆ, ಸೆಕ್ಯುರಿಟಿ ಅಪ್‌ಡೇಟ್ ಬೇರೆ. ಮೊದಲು ಹೇಳಿದ ಜೋಡಿಯಲ್ಲಿ ಝೆನ್‌ಫೋನ್ 10ಕ್ಕೆ ಎರಡು ಆವೃತ್ತಿ, ನಾಲ್ಕು ವರ್ಷ ಸೆಕ್ಯುರಿಟಿ ಅಂದಿದ್ದರು. ಗ್ಯಾಲಕ್ಸಿ ಎಸ್23ಕ್ಕೆ ನಾಲ್ಕು ಆವೃತ್ತಿ, ಐದು ವರ್ಷ. ಜ್ಯಾಕ್ ಬೇಕು ಅಂತ ಝೆನ್‌ಫೋನ್ ತಗೊಂಡವರು ಇದನ್ನೂ ಒಪ್ಪಿಕೊಂಡೇ ತಗೊಂಡಂತೆ. ಎರಡು ವರ್ಷಕ್ಕೊಮ್ಮೆ ಫೋನ್ ಬದಲಾಯಿಸುವವರಿಗೆ ಇದರಿಂದ ಏನೂ ಆಗಬೇಕಿಲ್ಲ. ಐದು ವರ್ಷ ಎಳೆಯುವವರಿಗೆ, ಬ್ಯಾಂಕ್ ಆ್ಯಪ್ ಎಲ್ಲ ಅದರಲ್ಲೇ ಇಟ್ಟುಕೊಂಡವರಿಗೆ ಇದು ಕ್ಯಾಮೆರಾಕ್ಕಿಂತ ದೊಡ್ಡದು.

ಬಾಕಿ ಸಣ್ಣಪುಟ್ಟವು

ನಿಮ್ಮ ಸಿಮ್ ಕಂಪನಿ ಬಳಸುವ 5ಜಿ, 4ಜಿ ಬ್ಯಾಂಡುಗಳು ಫೋನಿನಲ್ಲಿ ಇವೆಯಾ ಅಂತ ನೋಡಿ, ಹೊರದೇಶದಿಂದ ತರಿಸುವುದಾದರೆ ಇದು ಮೊದಲನೇ ಕೆಲಸ. ಎರಡು ಸಿಮ್ ಬೇಕಾ, ಕಾರ್ಡಿಲ್ಲದ ಇಸಿಮ್ ಸಾಕಾ, ಫೋನ್ ತಾಗಿಸಿ ಹಣ ಕೊಡಲು ಎನ್‌ಎಫ್‌ಸಿ ಬೇಕಾ, ವೈರ್‌ಲೆಸ್ ಚಾರ್ಜಿಂಗ್ ಬೇಕಾ, ಬೇಕಾದ್ದಷ್ಟಕ್ಕೆ ಟಿಕ್ ಹಾಕಿ. ಐಪಿ67 ಅಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ. ಐಪಿ68 ಅದಕ್ಕಿಂತ ಮೇಲು, ಎಷ್ಟು ಆಳ ಅಂತ ಕಂಪನಿಯೇ ಹೇಳಬೇಕು. ಐಪಿ54 ಬರೀ ಹನಿ, ತುಂತುರಿಗೆ. ಯಾವುದೂ ಉಪ್ಪುನೀರಿಗಲ್ಲ, ಫೋನ್ ಬಿದ್ದು ಅಂಚು ಸಡಿಲವಾದ ಮೇಲೆ ರೇಟಿಂಗ್ ನಂಬಿಕೊಂಡು ನೀರಿಗೆ ಇಳಿಸುವಂತೆಯೂ ಇಲ್ಲ.

ಹೆಚ್ಚು ಜನ ಕೊಳ್ಳುವ ಫೋನಿಗೆ ಕವರು, ಗ್ಲಾಸು ಎಲ್ಲ ಕಡೆ ಸಿಗುತ್ತವೆ. ಚಿಕ್ಕ ಫೋನ್ ಮೊದಲೇ ಕಮ್ಮಿ ಜನ ಕೊಳ್ಳುವಂಥದ್ದು, ಅದರಲ್ಲೂ ಅಪರೂಪದ ಮಾಡೆಲ್ ಆದರೆ ಸ್ಕ್ರೀನ್ ಒಡೆದಾಗ ಬಿಡಿಭಾಗಕ್ಕೆ ಕಾಯುತ್ತಾ ಕೂರಬೇಕಾಗುತ್ತದೆ. ಸ್ಕ್ರೀನ್ ಬದಲಾಯಿಸುವ ಖರ್ಚು ಎರಡಕ್ಕೂ ಕೇಳಿ. ಚಾರ್ಜರ್, ಕವರು, ಗ್ಲಾಸು ಸೇರಿಸಿ ಒಟ್ಟು ಬೆಲೆ ಹಾಕಿ. ಸಮ ಅಂದುಕೊಂಡಿದ್ದ ಬೆಲೆ ಅಲ್ಲೇ ಹೆಚ್ಚು ಕಮ್ಮಿ ಆಗಬಹುದು.

ತೀರ್ಮಾನದ ಹೊತ್ತು

ಹಾಳೆಯಲ್ಲಿ ಉಳಿದ ಸಾಲುಗಳಿಗೆ ಅಂಕ ಕೊಟ್ಟು ಕೂಡಿಸುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಒಗ್ಗಲ್ಲ. ನಿಮಗೆ ಬೇಡದ ನಾಲ್ಕು ಸೌಲಭ್ಯದ ಅಂಕ ಸೇರಿ, ದಿನಾ ಬೇಕಾದ ಒಂದನ್ನು ಸೋಲಿಸಿಬಿಡುತ್ತದೆ. ಅದರ ಬದಲು ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವ ಎರಡು ಸಾಲು ಮಾತ್ರ ಆರಿಸಿ ಸುತ್ತು ಹಾಕಿ. ಆ ಎರಡರಲ್ಲೂ ಒಂದೇ ಫೋನ್ ಮುಂದಿದ್ದರೆ ಮುಗಿಯಿತು. ಒಂದರಲ್ಲಿ ಇದು, ಒಂದರಲ್ಲಿ ಅದು ಅಂತಾದರೆ ಆಮೇಲೆ ಸರಿಮಾಡಲು ಆಗದ್ದು ಯಾವುದು ಅಂತ ನೋಡಿ. ಬ್ಯಾಟರಿ ಸ್ವಲ್ಪ ಕಮ್ಮಿ ಇದ್ದರೆ ಪವರ್ ಬ್ಯಾಂಕ್ ಇದೆ, ಸ್ಟೋರೇಜ್ ಕಮ್ಮಿ ಇದ್ದರೆ ಫೋಟೋಗಳನ್ನು ಬೇರೆ ಕಡೆ ಇಡಬಹುದು. ಕೈಗೆ ಕೂರದ ಅಗಲಕ್ಕೆ, ನಿಂತುಹೋದ ಅಪ್‌ಡೇಟಿಗೆ, ಇಲ್ಲದ ಲೆನ್ಸಿಗೆ ಮದ್ದಿಲ್ಲ.

ಕೊಂಡ ಮೇಲೆ ವಾಪಸ್ ಮಾಡುವ ಅವಧಿ ಎಷ್ಟು ದಿನ ಅಂತ ಮೊದಲೇ ಓದಿಡಿ. ಎಷ್ಟೋ ಕಡೆ ಬಾಕ್ಸ್ ಒಡೆದರೆ ವಾಪಸ್ ಇಲ್ಲ, ಬರೀ ಬದಲಿ ಫೋನ್ ಕೊಡುತ್ತಾರೆ. ಆ ದಿನಗಳಲ್ಲಿ ಫೋನನ್ನು ಜೋಪಾನ ಮಾಡುತ್ತಾ ಕೂರದೆ ಚೆನ್ನಾಗಿ ದುಡಿಸಿ. ಮೊದಲ ಒಂದೆರಡು ದಿನ ಆ್ಯಪ್ ಇಳಿಸಿಕೊಳ್ಳುವುದು, ಫೋಟೋ ತುಂಬಿಸಿಕೊಳ್ಳುವುದು ಎಲ್ಲ ಒಳಗೊಳಗೇ ನಡೆಯುತ್ತಿರುತ್ತದೆ, ಹಾಗಾಗಿ ಬ್ಯಾಟರಿ ಬೇಗ ಇಳಿದರೆ ಗಾಬರಿ ಬೇಡ, ಮೂರನೇ ದಿನದಿಂದ ಲೆಕ್ಕ ಇಡಿ. ಸಿಗ್ನಲ್ ಕಮ್ಮಿ ಇರುವ ನಿಮ್ಮ ಮಾಮೂಲಿ ಜಾಗದಲ್ಲಿ ಕಾಲ್ ಮಾಡಿ ನೋಡಿ. ಇಡೀ ಸ್ಕ್ರೀನಿಗೆ ಬೂದು ಬಣ್ಣದ ಚಿತ್ರ ಹಾಕಿ, ಕತ್ತಲೆ ಕೋಣೆಯಲ್ಲಿ ಬ್ರೈಟ್‌ನೆಸ್ ಇಳಿಸಿ, ಕಲೆಯೋ ಹಸಿರು ಛಾಯೆಯೋ ಇದೆಯಾ ನೋಡಿ. ಸ್ಪೀಕರ್, ಎರಡೂ ಮೈಕು, ವೈಬ್ರೇಶನ್, ಸಿಮ್ ಇಡುವ ಟ್ರೇ, ಎಲ್ಲ ಒಮ್ಮೆ ಆಗಲಿ. ಏನಾದರೂ ಸರಿ ಇಲ್ಲ ಅನಿಸಿದರೆ ಅವಧಿಯ ಕೊನೆ ದಿನದ ತನಕ ಕಾಯಬೇಡಿ, ಬಿಲ್ಲು, ಬಾಕ್ಸು ಸಮೇತ ಅವತ್ತೇ ಹೋಗಿ.